ಡ್ರೈವಿಗಿಟ್ಟ ಕುಂಕುಮ

ಅಕ್ಟೋಬರ್ 6, 2002, ಭಾನುವಾರ

ಹೊಸಾ ಕಂಪ್ಯೂಟರ್ ತಗೋಳೋದು ನಕ್ಕಿ ಆತು. ಜೂನ್ ತಿಂಗಳದಾಗ ಕರೆಂಟು ಹೆಚ್ಚುಕಡಿಮಿ ಆಗಿ ಹಳೇದು ಸುಟ್ಟು ಹೋದಾಗಿಂದ ನನ್ನ ಹೆಂಡ್ತಿ ಶಿವದೇವಿ ದಿನಾ ಒಂದ ರಾಗ ತಗದಿದ್ಲು. ಪುಣ್ಯಾಕ್ಕ ಅದರೊಳಗಿನ ಹಾರ್ಡ್ ಡ್ರೈವು ಉಳದೈತಿ. ಅಕಿ ಅದನ್ನ ಟವೆಲಿನ್ಯಾಗ ಸುತ್ತಿ ತಿಜೋರಿಯೊಳಗ, ತನ್ನ ಮದುವಿ ಸೀರಿ ಕೆಳಗ ಇಟ್ಟಾಳ. ಅದರಾಗ ಏನ್ ಐತಿ ಅಂಥಾದ್ದು? ಮಂದಿ ಮಕ್ಕಳ ಪಟ್ಟಿ! ಹೈದರಾಬಾದಿನ್ಯಾಗಿರೋ ಕನ್ನಡ ಮನಿತನಗಳ ಲಗ್ನಕ್ಕ ಬಂದ ಹುಡುಗ ಹುಡುಗಿಯರದು, ನೂರಾ ಎಂಬತ್ತಾರು ಹೆಸರು. ವಯಸ್ಸು, ಊರು, ನಕ್ಷತ್ರ, ನೌಕರಿ, ಕಡೀಕ 'ಷರಾ' ಅಂತ ಒಂದು ಕಾಲಂ. ಆರು ವರ್ಷದಿಂದ ಇದ ಉಸಾಬರಿ. ನವೆಂಬರ್ ಹತ್ತಕ್ಕ ನಾಂಪಲ್ಲಿಯಾಗ ಕನ್ನಡ ಸಂಘದ ವಧು-ವರ ಮೇಳ ಐತಿ. "ಈ ಪಟ್ಟಿ ಇಲ್ಲಂದ್ರ ಮೇಳ ಇಲ್ಲರಿ" ಅಂತಾಳ. ಇರ್ಲಿ, ಅಕಿಗೂ ಒಂದು ಟೈಂಪಾಸ್ ಬೇಕಲ್ಲ.

ಸಿಕಂದರಾಬಾದಿನ ಕಂಪ್ಯೂಟರ್ ಬಜಾರದಾಗ ಅಮರಯ್ಯನ ಅಂಗಡಿಗೆ ಹೋಗಿದ್ದೆ. ರಾಯಚೂರ ಕಡೆ ಮನಶ್ಯಾ, ಅರವತ್ತು ದಾಟೈತಿ, ಮೊದಲ ರೇಡಿಯೋ ರಿಪೇರಿ ಮಾಡತಿದ್ದ. "ವೈಜನಾಥರ, ನಾನ ಜೋಡಿಸಿ ವಿಂಡೋಸ್ ಹಾಕಿ ಕೊಡ್ತೀನ್ರಿ, ಅರ್ಧ ದಿನದ ಕೆಲಸ" ಅಂದ. ನಾ ನಕ್ಕಬಿಟ್ಟೆ. ಮೂವತ್ತೊಂದು ವರ್ಷ ಸರಕಾರಿ ಫ್ಯಾಕ್ಟರಿಯಾಗ ಫೋರ್‌ಮನ್ ಇದ್ದು ಹೋದ ವರ್ಷ ವಿ.ಆರ್.ಎಸ್. ತಗೊಂಡಂವ ನಾನು. ಮ್ಯಾಲ ಅಮೀರ್‌ಪೇಟಿನ್ಯಾಗ ಹದಿನೈದು ದಿನದ ಹಾರ್ಡ್‌ವೇರ್ ಕೋರ್ಸ್ ಮಾಡೀನಿ. ಕ್ಲಾಸಿನ ಹುಡುಗ್ರೆಲ್ಲಾ "ಅಂಕುಲ್, ಅಂಕುಲ್" ಅಂತ ನನ್ನ ಪೆನ್ನು ಇಸ್ಕೊಂಡು ವಾಪಸ್ ಕೊಡ್ಲಿಲ್ಲ, ಆ ಮಾತು ಬ್ಯಾರೆ. ಸರ್ಟಿಫಿಕೇಟ್ ಸಿಕ್ಕೈತಿ, ಕಟ್ಟು ಹಾಕಿಸಿ ಗ್ವಾಡಿಗೆ ಬಡದೀನಿ. ಬಿಡಿ ಸಾಮಾನು ಕೊಡ್ರಿ, ಉಳಿದದ್ದು ನನಗ ಬಿಡ್ರಿ ಅಂದೆ.

ಅಕ್ಟೋಬರ್ 9, ಬುಧವಾರ

ದಸರಾಕ್ಕ ಮನಿ ಸ್ವಚ್ಛ ಮಾಡಿದೆ. ಶಿವದೇವಿ ಪಟಾನ್‌ಚೆರುವಿಗೆ ಹೋಗಿದ್ಲು, ಹಂಪಮ್ಮ ಅಂತ ಒಬ್ಬಾಕಿ ಗೆಳತಿ ಮನಿಗೆ. ಹೆಣ್ಮಕ್ಕಳು ಮನ್ಯಾಗಿಲ್ಲಂದ್ರ ಕೆಲಸ ಎಷ್ಟು ಜಲ್ದಿ ಆಗತಾವ! ಅಟ್ಟದ ಮ್ಯಾಲಿನ ಹಳೇ ಪೇಪರು, ಮುರಿದ ಛತ್ರಿ, ಅಕಿ ಪಟ್ಟಿ ಬರದಿದ್ದ ಏಳು ದಪ್ಪ ನೋಟ್‌ಬುಕ್ಕು, ಎಲ್ಲಾ ರದ್ದಿಯಂವಗ ಹಾಕಿದೆ. ಹ್ಯಾಂಗೂ ಎಲ್ಲಾ ಕಂಪ್ಯೂಟರಿನ್ಯಾಗ ತುಂಬ್ಯಾಳಲ್ಲ.

ಸಂಜಿಕ ಬಂದು ಅಟ್ಟ ನೋಡಿದ್ಲು. "ಒಂದು ಮಾತು ಕೇಳಿ ಹಾಕಬೇಕಿತ್ತುರಿ" ಅಂದ್ಲು, ಅಷ್ಟ. ನಾ ಸುಮ್ನಿರ್ತೀನೇನು? ಜಗತ್ತು ಎಲ್ಲಿಗೆ ಹೊಂಟೈತಿ, ನೀ ಇನ್ನೂ ನೋಟ್‌ಬುಕ್ ಎದಿಗವಚಿಕೊಂಡು ಕುಂತಿ ಅಂತ ಅರ್ಧಾ ತಾಸು ತಿಳಿಸಿ ಹೇಳಿದೆ. ಅಕಿ ಅಷ್ಟೊತ್ತಿನ್ಯಾಗ ಹತ್ತು ರೊಟ್ಟಿ ಬಡದು ಮುಗಿಸಿದ್ಲು.

ಅಕ್ಟೋಬರ್ 12, ಶನಿವಾರ

ಸಾಮಾನು ಬಂತು. ಮುಂಜಾನಿ ಹತ್ತಕ್ಕ ಕುಂತಂವ ಮಧ್ಯಾಹ್ನ ಮೂರಕ್ಕ ಎದ್ದೆ. ಎಲ್ಲಾ ಬರೋಬರಿ ಕುಂತೈತಿ. ಎರಡು ಸ್ಕ್ರೂ ಉಳದಾವ. ಹೆಚ್ಚಿಗಿ ಕೊಟ್ಟಿರ್ತಾರ.

ಒಂದ ತೊಡಕು. ಹಳೇ ಡ್ರೈವು, ಹೊಸಾ ಡ್ರೈವು ಎರಡೂ ಒಂದ ಕಂಪನಿ, ಒಂದ ಅಳತಿ, ಒಂದ ಬಣ್ಣ. ಅವಳಿ ಜವಳಿ ಇದ್ದಂಗ. ಅಮರಯ್ಯಗ ಫೋನ್ ಮಾಡಿದೆ. "ವಿಂಡೋಸ್ ಹಾಕೋ ಮುಂದ ಹಳೇದರ ವೈರು ಕಿತ್ತ ಇಡ್ರಿ, ಹೊಸಾದ ಒಂದ ಇರ್ಲಿ. ಎಲ್ಲಾ ಮುಗದ ಮ್ಯಾಲ ಹಳೇದನ್ನ ಜೋಡಸ್ರಿ. ಅದಲು ಬದಲು ಆದ್ರ ಇದ್ದದ್ದೆಲ್ಲಾ ಅಳಿಸಿ ಹೋಗತೈತಿ, ಗುರ್ತು ಮಾಡ್ಕೋರಿ" ಅಂದ. ಗುರ್ತು ಮಾಡೋದು ನನಗ ಕಲಿಸ್ತಾನ! ದೇವರ ಜಗಲಿಯಿಂದ ಒಂದು ಬೊಟ್ಟು ಕುಂಕುಮ ತಂದು ಹಳೇ ಡ್ರೈವಿನ ಮಗ್ಗಲಿಗೆ ಹಚ್ಚಿದೆ. ಕುಂಕುಮ ಇದ್ದದ್ದನ್ನ ಮುಟ್ಟಬಾರದು, ಇಲ್ಲದ್ದಕ್ಕ ವಿಂಡೋಸ್ ಹಾಕಬೇಕು. ಪೆಟಿಗಿಯೊಳಗ ಮ್ಯಾಲಿನ ಖಾನೆಯಾಗ ಯಾವದು, ಕೆಳಗಿನದರಾಗ ಯಾವದು ಅಂತ ನೆನಪಿಡೋ ಗರಜ ಇಲ್ಲ. ಈ ಐಡಿಯಾ ಅಮರಯ್ಯಗ ಫೋನಿನ್ಯಾಗ ಹೇಳಿದ್ರ "ಕುಂಕುಮಾನೇನ್ರೀ?" ಅಂತ ಎರಡು ಸಲ ಕೇಳಿದ. ಮೆಚ್ಚಿರಬೇಕು.

ಶಿವದೇವಿ ಬಂದು ಬಾಗಿಲದಾಗ ನಿಂತು, "ಅಮರಯ್ಯನವರ್ನ ಕರಸಬಹುದಿತ್ತುರಿ" ಅಂದ್ಲು. ಒಂದು ನೋಟ ನೋಡಿದೆ, ಹೋದ್ಲು.

ಅಕ್ಟೋಬರ್ 14, ಸೋಮವಾರ, ಆಯುಧ ಪೂಜಾ

ಹಳೇ ಫ್ಯಾಕ್ಟರಿಯವ್ರು ಪೂಜಾಕ್ಕ ಕರದಿದ್ರು, ಹೋಗಿ ಬಂದೆ. ನಾ ಬರೋದ್ರಾಗ ಶಿವದೇವಿ ಮನ್ಯಾಗಿನ ಎಲ್ಲಾ ಆಯುಧಕ್ಕ ಪೂಜಾ ಮುಗಿಸಿದ್ಲು. ಹೊಲಿಗಿ ಮಶೀನು, ಮಿಕ್ಸರು, ಸ್ಕೂಟರು, ಈಳಿಗಿ, ನನ್ನ ಪಾನಾ ಪೆಟಿಗಿ. ಕಂಪ್ಯೂಟರಿನ ಮಗ್ಗಲು ಬಿಚ್ಚಿದ್ದಂಗ ಇತ್ತಲ್ಲ, ಒಳಗೂ ವಿಭೂತಿ, ಕುಂಕುಮ, ಅಲ್ಲಲ್ಲಿ ಒಂದೊಂದು ದೊಡ್ಡ ಚಂಡು ಹೂವು ಸಿಗಿಸ್ಯಾಳ. ಛಂದ ಕಾಣಾಕತ್ತಿತ್ತು. ಇಂಥಾ ಕೆಲಸ ಅಕಿ ಅಚ್ಚುಕಟ್ಟು ಮಾಡ್ತಾಳ, ಇಲ್ಲ ಅನ್ನಂಗಿಲ್ಲ.

ಅಕ್ಟೋಬರ್ 15, ಮಂಗಳವಾರ, ವಿಜಯದಶಮಿ

ಗೆದ್ದೆ!

ಮುಂಜಾನಿ ಜಳಕಾ ಮಾಡಿ, ರಾಹುಕಾಲ ಬರೋಕಿಂತ ಮೊದಲ ಒಳ್ಳೇ ಹೊತ್ತು ನೋಡಿ ಕುಂತೆ. ಹೂವು ತಗೀಬಾರದು, ದಶಮಿ ದಿನ ಶುಭ ಅಂತ ಹಂಗ ಬಿಟ್ಟೆ. ಬಗ್ಗಿ ನೋಡಿದೆ. ಮ್ಯಾಲಿನ ಡ್ರೈವಿಗೆ ಕುಂಕುಮ, ಎದ್ದು ಕಾಣತೈತಿ. ಅದರ ವೈರು ಕಿತ್ತು ಪಕ್ಕಕ್ಕ ಇಟ್ಟೆ. ಕೆಳಗಿನದರ ಮುಂದ ಚಂಡು ಹೂವು. ಇದು ಹೊಸಾದು. ಸಿಡಿ ಹಾಕಿದೆ.

ನೀಲಿ ಪರದೆ ಬಂತು. ಈ ಮಶೀನು ಭಾಳ ಅಂಜುಬುರುಕ. "ಇದರಾಗ ಮೊದಲ ಏನೋ ಐತಿ, ಅಳಸ್ಲ್ಯಾ?" ಅಂತ ಕೇಳ್ತು. ಹೊಸಾ ಡ್ರೈವಿನ್ಯಾಗ ಏನಿರತೈತಿ? ಕಂಪನಿಯವ್ರು ಏನಾರ ಕಸಾ ಬಿಟ್ಟಿರ್ತಾರ. ಅಳಸು ಅಂದೆ. "ಖರೇನ ಅಳಸ್ಲ್ಯಾ?" ಅಂತು. ಖರೇನ ಅಂದೆ. ಮತ್ತ ಮೂರನೇ ಸಲ, ಇದೊಂದು ಗುಂಡಿ ಒತ್ತಿದ್ರ ಅಷ್ಟ ಅಳಸ್ತೀನಿ ಅಂತು. ನನಗ ಸಿಟ್ಟ ಬಂತು. ನನ್ನ ಕೈ ಕೆಳಗ ಇಂಥಾ ಒಬ್ಬ ಕೆಲಸಗಾರ ಇದ್ದ, ನಟ್ಟು ಬಿಗಿ ಅಂದ್ರ ಮೂರು ಸಲ ಕೇಳಂವ. ಜೋರಾಗಿ ಒತ್ತಿದೆ.

ಆಮ್ಯಾಲ ಶೇಕಡಾ ಹತ್ತು, ಇಪ್ಪತ್ತು, ಮೂವತ್ತು ಅಂತ ಹಳದಿ ಗೆರಿ ಓಡಿತು. ಶಿವದೇವಿ ಹೋಳಿಗಿ ತಂದ ಕೊಟ್ಲು, ಕಾಲ ಮ್ಯಾಲ ಕಾಲ ಹಾಕಿ ತಿಂದೆ. ಒಂದೂವರಿ ತಾಸಿಗೆ ಹಸರು ಗುಡ್ಡ, ನೀಲಿ ಮುಗಲು ಪರದೆ ಮ್ಯಾಲ ಬಂತು. ಯಾವ ಅಮರಯ್ಯ? ಯಾವ ಅಮೀರ್‌ಪೇಟು? ಇನ್ನ ಹಳೇ ಡ್ರೈವಿನ ವೈರು ಜೋಡಿಸಿ ಶಿವದೇವಿನ್ನ ಕರೀತೀನಿ. ಅಕಿ ಮಾರಿ ನೋಡಬೇಕು.

ಅದ ದಿನ, ಸಂಜಿಕ

ಹಳೇ ಡ್ರೈವು ಖಾಲಿ ಐತಿ.

ಖಾಲಿ ಅಂದ್ರ ಖಾಲಿ. ಶಿವದೇವಿ ತನ್ನ ದಸರಾ ಸೀರಿ ಉಟ್ಕೊಂಡು ಬಂದು ಕುಂತ್ಲು, ಒತ್ತಿದ್ಲು, ಏನಿಲ್ಲ. ಮತ್ತ ಒತ್ತಿದ್ಲು. "ಇದ್ರಾಗ ಏನೂ ಇಲ್ಲಲ್ರೀ" ಅಂದ್ಲು. ನೀ ಒತ್ತೋದು ಸರಿ ಇಲ್ಲ ಅಂತ ಅಕಿನ್ನ ಎಬ್ಬಿಸಿ ನಾ ಕುಂತೆ. ನನಗೂ ಏನಿಲ್ಲ. ಅಕಿ ಕುಡಿಯಾಕ ನೀರು ತರ್ತೀನಂತ ಒಳಗ ಹೋದ್ಲು. ಅಷ್ಟರಾಗ ನಾ ಬಗ್ಗಿ ಆ ಕೆಳಗಿನ ಚಂಡು ಹೂವು ತಗದೆ.

ಹೂವಿನ ಹಿಂದ ಕುಂಕುಮ! ದಪ್ಪಂದು, ವಾರೆ. ನಾನ ಹಚ್ಚಿದ್ದು. ಮ್ಯಾಲಿನದು ದುಂಡಗ, ಶಿವದೇವಿ ಬೊಟ್ಟು. ಎರಡರಾಗ ಒಂದಕ್ಕ ಕುಂಕುಮ ಐತಿ, ಇನ್ನೊಂದು ಬೋಳು ಐತಿ ಅಂತ ಪೂಜಾದಾಗ ಅದಕ್ಕೂ ಇಟ್ಟಬಿಟ್ಟಾಳ! ಹೂವು ನನ್ನ ಗುರ್ತು ಮುಚ್ಚೈತಿ. ನಾ ಅಕಿ ಕುಂಕುಮ ನೋಡಿ ಹೊಸಾದನ್ನ ಕಿತ್ತು ಬದೀಗಿಟ್ಟೀನಿ, ಹಳೇದನ್ನ ತೊಳದ ಒಗದೀನಿ. ಮೂರು ಸಲ ಕೇಳಿದ್ರೂ.

ಬಾಯಿ ತನಕ ಬಂತು. ಯಾರ ಹೇಳಿದ್ರು ನಿನಗ ಮಶೀನಿನ ಹೊಟ್ಟಿಯೊಳಗ ಕೈ ಹಾಕು ಅಂತ? ಹಿಂಗ ಒದರಬೇಕಂತ ತಿರುಗಿದೆ. ಅಷ್ಟರಾಗ ಬಾಜೂ ಮನಿ ಗೋದಾಬಾಯಿ ಬನ್ನಿ ಕೊಡಾಕ ಬಂದ್ಲು. ಆಮ್ಯಾಲ ಸಂಘದ ಅಧ್ಯಕ್ಷ ಹಣಮಂತರಾಯರು. ಆಮ್ಯಾಲ ಮಂದಿ ಬಂದಽ ಬಂದ್ರು. ಎಲ್ಲಾರೂ ಬನ್ನಿ ಎಲಿ ಕೈಯಾಗಿಟ್ಟು ಅಕಿಗೆ ಒಂದ ಕೇಳವ್ರು, "ಪಟ್ಟಿ ತಯಾರ ಐತೆಲ್ಲವಾ?" ಅಕಿ ನಕ್ಕೋತ, "ತಯಾರ ಐತ್ರಿ, ನೀವು ಚಿಂತಿ ಮಾಡಬ್ಯಾಡ್ರಿ" ಅನ್ನಾಕಿ. ಕೈಯಾಗಿನ ಬನ್ನಿ ಎಲಿ ಮಾತ್ರ ಉದುರತಿದ್ವು.

ಎಲ್ಲಾರೂ ಹೋದ ಮ್ಯಾಲ ಕೇಳಿದ್ಲು, "ಹ್ಯಾಂಗ ಆತ್ರಿ ಹಿಂಗ?" ನಾ ಅಂದೆ, "ನಂದ ತಪ್ಪು. ಎರಡೂ ಒಂದ ನಮೂನಿ ಇದ್ವು, ಅದಲು ಬದಲು ಮಾಡಿದೆ."

ಹಬ್ಬದ ದಿನ ಜಗಳ ಬ್ಯಾಡ ಅಂತ ಹಂಗ ಅಂದೀನಿ. ನಾಳಿ ಹೇಳ್ತೀನಿ, ಕುಂಕುಮದ ಸಮೇತ.

ಅಕ್ಟೋಬರ್ 16, ಬುಧವಾರ

ಅಕಿ ಮುಂಜಾನಿ ರದ್ದಿಯಂವನ ಅಂಗಡಿಗೆ ಹೋಗಿ ಬಂದ್ಲು. ನೋಟ್‌ಬುಕ್ಕು ಅವತ್ತ ಲಾರಿ ಹತ್ಯಾವಂತ. ಅದಕ್ಕ ಇವತ್ತ ಹೇಳ್ಲಿಲ್ಲ. ನೋಟ್‌ಬುಕ್ಕಿನ ವಿಷಯ ನಡುವ ಬಂದ್ರ ನನ್ನ ಪಕ್ಷ ಸ್ವಲ್ಪ ಸಡಲ ಆಗತೈತಿ.

ಅಕ್ಟೋಬರ್ 17, ಗುರುವಾರ

ಡ್ರೈವು ತಗೊಂಡು ಇಬ್ರೂ ಅಮರಯ್ಯನ ಅಂಗಡಿಗೆ ಹೋದ್ವಿ. ಹಿಂದ ಮುಂದ ತಿರುಗಿಸಿ ನೋಡಿದ, ತನ್ನ ಮಶೀನಿಗೆ ಹಚ್ಚಿದ. "ಅಳಿಸಿದ್ದರ ಮ್ಯಾಲ ಹೊಸಾದು ಬರದೈತ್ರಿ. ಮುಂಬೈಗೆ ಕಳಿಸಿದ್ರೂ ಅರ್ಧಾ ಮುರ್ಧಾ, ಅದೂ ತಿಂಗಳುಗಟ್ಟಲೆ" ಅಂದ. ಆಮ್ಯಾಲ ನನ್ನ ಕಡೆ ನೋಡಿ, "ಅಲ್ರೀ ವೈಜನಾಥರ, ನೀವು ಕುಂಕುಮದ..." ಅನ್ನಾಕತ್ತಿದ್ದ. "ಅದೆಲ್ಲ ಬಿಡ್ರಿ ಈಗ" ಅಂತ ಬಾಯಿ ಮುಚ್ಚಿಸಿದೆ. ಹೇಳೋದಿದ್ರ ನಾನ ಹೇಳ್ತೀನಿ, ಮಂದಿ ಅಂಗಡಿಯಾಗ ಯಾಕ?

ತಲಿ ಕಾದಿತ್ತು, ಮೂಲಿ ಮ್ಯಾಲಿನ ಇರಾನಿ ಹೋಟೆಲಿಗೆ ಹೋಗಿ ಚಹಾ ಕುಡದೆ. ವಾಪಸ್ ಬಂದಾಗ ಇಬ್ರೂ ಏನೋ ಮಾತಾಡಾಕತ್ತಿದ್ರು, ನನ್ನ ನೋಡಿ ಸುಮ್ನಾದ್ರು. ಬಸ್ಸಿನ್ಯಾಗ ಅಕಿ ಸುಮ್ನ ನನ್ನ ಮಾರಿ ನೋಡಾಕಿ, ಕಿಟಕಿ ಹೊರಗ ನೋಡಾಕಿ. ಮೇಳಕ್ಕ ಇಪ್ಪತ್ತನಾಲ್ಕು ದಿನ ಉಳದಾವ. "ಹಣಮಂತರಾಯರಿಗೆ ಹೇಳಿ ಮೇಳ ಮುಂದಕ್ಕ ಹಾಕಸೋಣೇನು?" ಅಂದೆ. "ಮುಂದ ಹಾಕಿದ್ರ ಯುಗಾದಿ ದಾಟತೈತ್ರಿ. ಹಂಪಮ್ಮನ ಮಗಗ ಆಗಲೇ ಮೂವತ್ತನಾಲ್ಕು" ಅಂದ್ಲು. ಅಕಿ ಕಣ್ಣಾಗ ನೀರಿತ್ತು. ನನಗ ಸಂಕಟ ಆತು, ಸುಳ್ಳ ಯಾಕ ಬರೀಲಿ.

ಅಕ್ಟೋಬರ್ 19, ಶನಿವಾರ

ಫೋಟೋ ಉಳದಾವ! ಬಿಸ್ಕೀಟ್ ಡಬ್ಬಿಯೊಳಗ ನೂರಾ ನಲವತ್ತು ಫೋಟೋ. ಆದ್ರ ಒಂದರ ಬೆನ್ನಿಗೂ ಹೆಸರು ಬರದಿಲ್ಲ. ಒಂದೊಂದ ತಗದು ಅಕಿ ಮುಂದ ಹಿಡದೆ. ಅಕಿ ಕಾಯಿಪಲ್ಯಾ ಹೆಚ್ಚಿಕೋತ ತಲಿ ಎತ್ತಿ ನೋಡಾಕಿ, ಹೇಳಾಕಿ. ಹೆಸರು, ತಂದಿ ಹೆಸರು, ಊರು, ನೌಕರಿ, ಮನ್ಯಾಗ ಎಷ್ಟು ಮಂದಿ, ಕಡೀಕ ಷರಾ. ಒಂದೂ ತಪ್ಪಲಿಲ್ಲ. ನಾ ಎರಡು ಬೆರಳಿನ್ಯಾಗ ಟೈಪ್ ಮಾಡಿದೆ.

ಈ ಷರಾ ಅನ್ನೋದು ನಾ ಎಂದೂ ಓದಿರಲಿಲ್ಲ. "ಹುಡುಗ ಬಂಗಾರ, ಅವ್ವನ ಮಾತು ಚೂಪು." "ಹುಡುಗಿ ನಕ್ರ ಭಾಳ ಛಂದ, ಫೋಟೋದಾಗ ನಕ್ಕಿಲ್ಲ." "ಫೋಟೋ ಐದು ವರ್ಷ ಹಳೇದು, ಈಗ ಇಷ್ಟು ಕೂದಲಿಲ್ಲ." "ಸಾಫ್ಟ್‌ವೇರ್ ಅಂತಾರ, ಇನ್ನೂ ಅಮೀರ್‌ಪೇಟಿನ್ಯಾಗ ಕೋರ್ಸಿಗೆ ಹೊಂಟಾನ." ಬರೀತಾ ಬರೀತಾ ನಗು ತಡೀಲಿಲ್ಲ. ಇಷ್ಟೆಲ್ಲಾ ಅಕಿಗೆ ಹ್ಯಾಂಗ ಗೊತ್ತು? "ಚಹಾ ಕುಡಿಯೋ ಮುಂದ ಮನಿ ನೋಡ್ತೀನ್ರಿ" ಅಂದ್ಲು. ನಮ್ಮ ಫ್ಯಾಕ್ಟರಿ ಇನ್‌ಸ್ಪೆಕ್ಷನ್ ಖಾತೆದಾಗ ಇಂಥಾಕಿ ಒಬ್ಬಾಕಿ ಇದ್ದಿದ್ರ ಅರ್ಧಾ ಮಾಲು ವಾಪಸ್ ಬರ್ತಿರ್ಲಿಲ್ಲ.

ಆದ್ರ ನಕ್ಷತ್ರ, ಫೋನ್ ನಂಬರು ಅಕಿಗೆ ನೆನಪಿಲ್ಲ. ಅವನ್ನ ಮನಿ ಮನಿಗೆ ಹೋಗಿ ತರಬೇಕು. ಅಕಿಗೆ ಮನಿ ಕೆಲಸ, ಸಂಘದ ಕೆಲಸ. ನಾ ಹೋಗ್ತೀನಿ ಅಂದೆ. ಕುಂಕುಮದ ಮಾತು ಪಟ್ಟಿ ಅರ್ಧಾ ಆದ ಮ್ಯಾಲ ತಗೀತೀನಿ.

ಅಕ್ಟೋಬರ್ 23, ಬುಧವಾರ

ಪಟಾನ್‌ಚೆರು. ಬಸ್ಸಿನ ತುಂಬ ಔಷಧ ಫ್ಯಾಕ್ಟರಿ ಶಿಫ್ಟಿನ ಮಂದಿ, ನಿಂತ ಹೋದೆ. ಹಂಪಮ್ಮ ಒಂದು ಕೋಣಿಯ ಮನ್ಯಾಗ ಇರ್ತಾಳ, ಗಂಡ ಇಲ್ಲ. ಮಗ ಚೇತನಕುಮಾರ ಫ್ಯಾಕ್ಟರಿಯಾಗ ಸೂಪರ್‌ವೈಸರು. ಹನ್ನೊಂದು ಕನ್ಯಾ ನೋಡ್ಯಾರ, ಹನ್ನೊಂದು ಕಡೆಯಿಂದಾನೂ ಒಂದ ಮಾತು, ಸಾಫ್ಟ್‌ವೇರ್ ಇದ್ರ ಹೇಳ್ರಿ. ಒಬ್ಬರಂತೂ ಹುಡುಗನ ಅಂಗಿ ಔಷಧ ನಾರತೈತಿ ಅಂದ್ರಂತ. ನನಗ ಹೊಟ್ಟಿ ಉರೀತು. ನನ್ನ ಅಂಗಿ ಮೂವತ್ತೊಂದು ವರ್ಷ ಗ್ರೀಸು ನಾರತಿತ್ತು, ಶಿವದೇವಿ ಒಂದು ದಿನ ಮೂಗ ಮುಚ್ಚಿಲ್ಲ.

ಹಂಪಮ್ಮ, "ಅಕ್ಕಾರು ಎಲ್ಲಾ ಬರ್ಕೊಂಡಿದ್ರಲ್ರೀ, ಮತ್ತ ಯಾಕ ಕೇಳ್ತೀರಿ?" ಅಂದ್ಲು. "ನಾ ಅಳಿಸಿಬಿಟ್ಟೀನಿ ತಂಗಿ" ಅಂದೆ. ಅಕಿ ಬಿದ್ದು ಬಿದ್ದು ನಕ್ಲು. "ನಿಮಗ ಅಕ್ಕಾರು ಏನ್ ಅನ್ಲಿಲ್ಲೇನ್ರೀ?" ಅಂದ್ಲು. ಆಗ ಹೊಳೀತು. ಶಿವದೇವಿ ನನಗ ಒಂದು ಮಾತು ಅಂದಿಲ್ಲ. ನೋಟ್‌ಬುಕ್ಕಿಗೂ ಅಂದಿಲ್ಲ.

ಕುಂಕುಮದ್ದು ಮೇಳ ಮುಗದ ಮ್ಯಾಲ ಹೇಳಿದ್ರಾತು. ಈಗ ಹೇಳಿದ್ರ ತನ್ನ ಕೈಲೇ ತಾನ ಹಾಳ ಮಾಡ್ಕೊಂಡೆ ಅಂತ ಅಕಿ ಕುಗ್ಗಿಬಿಡ್ತಾಳ, ಕೆಲಸ ನಿಂತು ಹೋಗತೈತಿ. ಕೆಲಸ ಮುಖ್ಯ.

ಅಕ್ಟೋಬರ್ 28, ಸೋಮವಾರ

ಐದು ದಿನದಾಗ ನಲವತ್ತೊಂದು ಮನಿ. ಚಹಾ ಎಷ್ಟು ಕುಡದೀನೋ ಲೆಕ್ಕಿಲ್ಲ, ಹೊಟ್ಟಿ ಬುರುಬುರು ಅಂತೈತಿ. ಎಲ್ಲಾ ಕಡೆ "ನಾ ಅಳಿಸಿದೆ, ನಾ ಅಳಿಸಿದೆ" ಅಂತ ಹೇಳಿ ಹೇಳಿ ಈಗ ಮನಿ ಬಾಗಿಲಿಗೆ ಹೋಗೋದ್ರಾಗ ಒಳಗಿಂದ, "ಅಳಿಸಿದವ್ರು ಬಂದ್ರು ನೋಡ್ರಿ" ಅಂತಾರ. ಅನ್ನಲಿ.

ಇವತ್ತ ನಾನ ಒಂದು ಷರಾ ಬರದೆ: "ಮನಿತನ ಛಲೋ, ಉಪ್ಪಿಟ್ಟಿನ್ಯಾಗ ಗೋಡಂಬಿ ಹಾಕ್ತಾರ." ಶಿವದೇವಿ ಓದಿ ಹೊಡದ ಹಾಕಿದ್ಲು. "ಅದು ನಿಮಗ ಹಾಕಿದ್ದು. ಸೊಸಿಗೆ ಹಾಕ್ತಾರೋ ಇಲ್ಲೋ ನೋಡ್ಕೊಂಡು ಬರ್ರಿ" ಅಂದ್ಲು. ಅದೂ ಖರೇನ.

ನವೆಂಬರ್ 2, ಶನಿವಾರ

ರಾಮದಾಸರ ಮನಿಗೆ ಹೋಗಿದ್ದೆ, ಡಿಫೆನ್ಸ್ ಲ್ಯಾಬಿನ್ಯಾಗ ಇದ್ದವ್ರು, ಮೈಸೂರು ಕಡೆ ಮಂದಿ. ಮಗಳು ನೇತ್ರಾ ಸಾಲಿ ಮಾಸ್ತರಿಣಿ, ಮೂವತ್ತು. ರಾಮದಾಸರು, "ಸಾಫ್ಟ್‌ವೇರ್ ಹುಡ್ಗ ಇದ್ರೆ ಮಾತ್ರ ಹೇಳಿ ವೈಜನಾಥ್ ಅವರೇ" ಅಂದ್ರು. ನಾನೂ ಫೋರ್‌ಮನ್ ಗಂಟಲು ತಗದೆ. "ಸರ, ಇವತ್ತ ಎಲ್ಲಾರಿಗೂ ಸಾಫ್ಟ್‌ವೇರ್ ಬೇಕು. ನಾಳಿ ನಿಮಗ ಜ್ವರ ಬಂದ್ರ ನುಂಗೋದು ಗುಳಗಿ, ಸಾಫ್ಟ್‌ವೇರ್ ಅಲ್ಲ. ಗುಳಗಿ ಮಾಡೋ ಹುಡುಗ ಒಬ್ಬ ಇದ್ದಾನ." ಒಳಗ ನೇತ್ರಾ ನಕ್ಕಿದ್ದು ಕೇಳ್ತು. ಸ್ವಲ್ಪ ಹೊತ್ತಿಗೆ ತಾನ ಹೊರಗ ಬಂದು, "ಅವ್ರು ಪುಸ್ತಕ ಗಿಸ್ತಕ ಓದ್ತಾರಾ ಅಂಕಲ್?" ಅಂದ್ಲು. ಗೊತ್ತಿಲ್ಲವಾ, ಕೇಳಿ ಹೇಳ್ತೀನಿ ಅಂದೆ. ಅಲ್ಲಿಂದ ಸೀದಾ ಮತ್ತ ಪಟಾನ್‌ಚೆರು. ಓದ್ತಾನ. ಹಂಪಮ್ಮನ ಮನ್ಯಾಗ ಕಾಟಿನ ಕೆಳಗೆಲ್ಲಾ ಪುಸ್ತಕ. ಶಿವದೇವಿ ಇದನ್ನ ಹ್ಯಾಂಗ ಷರಾದಾಗ ಬಿಟ್ಲು ಅಂತ ಕೇಳಿದೆ. "ಕಾಟಿನ ಕೆಳಗ ನಾ ಬಗ್ಗಿ ನೋಡಿರ್ಲಿಲ್ರಿ" ಅಂತ ಒಪ್ಕೊಂಡ್ಲು. ಇವತ್ತ ನನಗ ಎರಡು ತುತ್ತು ಅನ್ನ ಹೆಚ್ಚಿಗಿ ಹೋತು.

ನವೆಂಬರ್ 8, ಶುಕ್ರವಾರ

ಮುಗೀತು. ಹಳೇ ನೂರಾ ಎಂಬತ್ತಾರರಾಗ ನೂರಾ ಎಪ್ಪತ್ತೆಂಟು ಸಿಕ್ಕಾವ. ಉಳಿದ ಎಂಟು ಮಂದಿಗೆ ಲಗ್ನ ಆಗಿ ಹೋಗೈತಿ, ಒಬ್ಬಾಕಿಗೆ ಕೂಸು ಸುದ್ದಾ ಐತಿ. ಮ್ಯಾಲ ಹೊಸಾವು ಇಪ್ಪತ್ತಾರು. ಪಟ್ಟಿ ಎರಡೂ ಡ್ರೈವಿನ್ಯಾಗ ಇಟ್ಟೀನಿ, ನಾಲ್ಕು ಫ್ಲಾಪಿಯಾಗ ಇಟ್ಟೀನಿ. ಅದೂ ಸಾಲದು ಅಂತ ನೋಟ್‌ಬುಕ್ ತಂದು ನಾನ ಕೈಲೇ ಬರಾಕತ್ತೀನಿ, 'ಮ' ಅಕ್ಷರದ ತನಕ ಬಂದೈತಿ.

ಶಿವದೇವಿ ಸಂತಿಗೆ ಹೋದಾಗ ಎರಡೂ ಡ್ರೈವಿನ ಕುಂಕುಮ ಸ್ಪಿರಿಟ್ ಹಚ್ಚಿ ತಿಕ್ಕಿ ತಗದೆ. ಬ್ಯಾರೆ ಯಾಕಿಲ್ಲ, ಧೂಳು ಹಿಡೀತೈತಿ.

ನವೆಂಬರ್ 10, ಭಾನುವಾರ

ನಾಂಪಲ್ಲಿಯ ಸಭಾ ಹಾಲ್ ತುಂಬಿ ಹೊರಗ ಮೆಟ್ಟಲ ಮ್ಯಾಲೂ ಮಂದಿ. ಪಟ್ಟಿ ಪ್ರಿಂಟು ಹನ್ನೊಂದು ಗಂಟೆಗೆ ಎಲ್ಲಾ ಖಾಲಿ. ಶಿವದೇವಿ ಮುಂದಿನ ಟೇಬಲ್ಲಿಗೆ ಕುಂತಿದ್ಲು. ಮಂದಿ ಸಾಲ ಹಚ್ಚಿ ಅಕಿ ಹತ್ರ ಬಗ್ಗಿ ಬಗ್ಗಿ ಮಾತಾಡವ್ರು, ಕೈ ಮುಗಿಯವ್ರು. ನಾ ಹಿಂದ ಕುರ್ಚಿ ಮ್ಯಾಲ ಕುಂತು ನೋಡಿದೆ. ಆರು ವರ್ಷ ಅಕಿ ಇದನ್ನೆಲ್ಲಾ ಮಾಡಾಕತ್ತಾಳ, ನಾ ಒಂದು ಮೇಳಕ್ಕೂ ಬಂದಿರ್ಲಿಲ್ಲ ಅಂತ ಅಲ್ಲೇ ಲಕ್ಷ್ಯಕ್ಕ ಬಂತು. ಚೇತನಕುಮಾರ, ನೇತ್ರಾ ಇಬ್ರೂ ಕಿಟಕಿ ಹತ್ರ ಐಸ್‌ಕ್ರೀಮ್ ಕರಗೋ ತನಕ ಮಾತಾಡಿದ್ರು. ರಾಮದಾಸರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ್ರು.

ಊಟಕ್ಕಿಂತ ಮೊದಲ ಹಣಮಂತರಾಯರು ಮೈಕ್ ಹಿಡದ್ರು. ಶಿವದೇವಿಗೆ ಶಾಲು ಹೊಚ್ಚಿದ್ರು. ಅಷ್ಟಕ್ಕ ಬಿಡಬೇಕಿಲ್ಲೋ? "ಈ ಪಟ್ಟಿ ಒಂದು ಗುಂಡಿ ಒತ್ತೋದ್ರಾಗ ಪೂರಾ ಅಳಿಸಿ ಹೋಗಿತ್ತು. ಅಳಿಸಿದ ಮಹಾನುಭಾವರು ಇಲ್ಲೇ ಹಿಂದ ಕುಂತಾರ, ಅವರಿಗೂ ಒಂದು ಚಪ್ಪಾಳಿ" ಅಂದ್ರು. ಇಡೀ ಹಾಲ್ ನಗಾಕತ್ತಿತು. ನನ್ನ ಮಾರಿ ಕೆಂಪಗಾತು. ಎದ್ದು ನಿಂತು ಕೈ ಮುಗದೆ, ಮತ್ತೇನ್ ಮಾಡ್ಲಿ?

ಶಿವದೇವಿ ಅವರ ಕೈಯಾಗಿನ ಮೈಕ್ ಇಸ್ಕೊಂಡ್ಲು. ಮೈಕಿನ್ಯಾಗ ಅಕಿ ಎಂದೂ ಮಾತಾಡಿದಾಕಿ ಅಲ್ಲ. "ಅಳಿಸಿದ್ದು ಅವರೊಬ್ರ ಅಲ್ರಿ" ಅಂದ್ಲು. "ಹಳೇದು ಗುರ್ತಾಗ್ಲಿ ಅಂತ ಅವರು ಅದಕ್ಕೊಂದು ಕುಂಕುಮ ಇಟ್ಟಿದ್ರು. ಆಯುಧ ಪೂಜಾದಾಗ ನಾ ನೋಡಿ, ಒಂದಕ್ಕ ಐತಿ, ಇನ್ನೊಂದು ಬೋಳು ಐತಲ್ಲ ಅಂತ ಅದಕ್ಕೂ ಇಟ್ಟಬಿಟ್ಟೆ. ಗುರ್ತು ಕೆಡಿಸಿದಾಕಿ ನಾನು. ಅವರಿಗೆ ಇದು ಅವತ್ತಽ ಗೊತ್ತಾಗೈತಿ. ಇಪ್ಪತ್ತಾರು ದಿನ ಆತು, ಮನಿ ಮನಿಗೆ ಹೋಗಿ ನಾ ಅಳಿಸಿದೆ, ನಾ ಅಳಿಸಿದೆ ಅಂತ ಹೇಳ್ಯಾರ. ನನಗ ಒಂದು ಮಾತು ಅಂದಿಲ್ಲ."

ಹೆಣ್ಮಕ್ಕಳ ಕಡೆಯಿಂದ "ಅಯ್ಯ ನಮ್ಮವ್ವ" ಅಂತ ಒಂದು ದನಿ ಬಂತು. ಆಮ್ಯಾಲ ಹಿಂದಿನ ಸಾಲಿನಿಂದ ದ್ಯಾವಪ್ಪ, ಐದು ಹೆಣ್ಮಕ್ಕಳ ತಂದಿ, ಎದ್ದು ನಿಂತು, "ಇಂಥಾ ಗಂಡಸು ಇನ್ನೊಬ್ಬ ಇದ್ರ ಪಟ್ಟಿಗೆ ಸೇರಸ್ರೀ, ನಾ ಇವತ್ತಽ ನಕ್ಕಿ ಮಾಡ್ತೀನಿ" ಅಂತ ಒದರಿದ. ಮತ್ತ ನಗು. ನನಗ ಯಾಕೋ ಕಣ್ಣಾಗ ನೀರು ಬಂತು. ಒಗ್ಗರಣಿ ಘಾಟು ಅಂತ ಪಕ್ಕದಂವಗ ಹೇಳಿದೆ.

ವಾಪಸ್ ಬಸ್ಸಿನ್ಯಾಗ ಇಬ್ಬರಿಗೂ ಸೀಟು ಸಿಕ್ತು. ನಿನಗ ಯಾವಾಗ ಗೊತ್ತಾತು ಅಂತ ಕೇಳಿದೆ. "ಅಮರಯ್ಯನವರ ಅಂಗಡಿಯಾಗರಿ. ನೀವು ಚಹಾಕ್ಕ ಹೋದಾಗ ಕುಂಕುಮದ ವಿಷಯ ಹೇಳಿದ್ರು. ನಿಮಗ ಗೊತ್ತೈತಿ ಅನ್ನೋದು ನಿಮ್ಮ ಮಾರಿ ನೋಡಿದ್ರ ತಿಳೀತಿತ್ತು."

"ಮತ್ತ ಸುಮ್ನ ಯಾಕಿದ್ದಿ?"

"ನೀವು ಎಷ್ಟೊತ್ತು ತಡಕೋತೀರಿ ನೋಡೋಣಂತ."

"ಎಷ್ಟು ದಿನ ಅಂತ ಮಾಡಿದ್ದಿ?"

"ದಿನ ಎಲ್ಲಿ ಬಂತ್ರಿ? ಅವತ್ತ ಬಸ್ಸು ಅಮೀರ್‌ಪೇಟ್ ದಾಟೋದ್ರಾಗ ಹೇಳಿಬಿಡ್ತೀರಿ ಅಂತ ಮಾಡಿದ್ದೆ" ಅಂದ್ಲು. ಅಂದು ಶಾಲು ಮಡಚಿ ಚೀಲದಾಗ ಇಟ್ಕೊಂಡ್ಲು.

ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡ್ತಿಗೆ ನನ್ನ ಮ್ಯಾಲ ಅಮೀರ್‌ಪೇಟ್ ತನಕ ಅಷ್ಟ ಭರೋಸಾ! ಸಿಟ್ಟಿಗೇಳಬೇಕಂತ ಮಾಡಿದೆ. ಆದ್ರ ಇದು ನನ್ನ ಡೈರಿ, ಇಲ್ಲಿ ಖರೆ ಬರೀಬೇಕು. ಅವತ್ತ ಅಮೀರ್‌ಪೇಟಿನ ಸಿಗ್ನಲಿನ್ಯಾಗ ನಾ ಹೇಳಾಕಂತ ಬಾಯಿ ತಗದಿದ್ದೆ. ಅಷ್ಟರಾಗ ಅಕಿ ಕಿಟಕಿ ಕಡೆ ತಿರುಗಿ ಸೆರಗಲೇ ಕಣ್ಣು ಒರಸಿಕೊಂಡ್ಲು.